ಧ್ವನಿಯ ಮಾರುವೇಷ

ನಾಟಕವೆಂಬುದು ನೋಡತಕ್ಕ ವಸ್ತುವೆಂದು ತಿಳಿದೇ ನಮ್ಮ ಪೂರ್ವಿಕರು ಅದನ್ನು ದೃಶ್ಯಕಾವ್ಯವೆಂದು ಕರೆದರು. ರಂಗ, ಪರದೆ, ಬಣ್ಣ, ಕಿರೀಟ, ದೀಪ ಇವೆಲ್ಲ ಅದರ ಅಂಗಗಳು. ಆದರೆ ಇಪ್ಪತ್ತನೆಯ ಶತಮಾನವು ಕಣ್ಣಿಗೆ ಏನನ್ನೂ ತೋರಿಸದ ನಾಟಕವೊಂದನ್ನು ಹುಟ್ಟಿಸಿತು. ಅದೇ ಬಾನುಲಿ ನಾಟಕ. ಅದನ್ನು ದೃಶ್ಯಕಾವ್ಯವೆನ್ನಲು ಬಾರದು. ಬರಿಯ ಶ್ರವ್ಯವೆಂದರೂ ಸಾಲದು. ಏಕೆಂದರೆ ಕೇಳುವವನು ತನ್ನ ಮನಸ್ಸಿನೊಳಗೆ ತಾನೇ ರಂಗವನ್ನು ಕಟ್ಟಿ, ದೀಪವನ್ನು ಹಚ್ಚಿ, ಕೇಳಿಬಂದ ದನಿಗಳಿಗೆ ಮುಖಗಳನ್ನು ಕೊಡಬೇಕಾಗುವದು. ಪ್ರೇಕ್ಷಕನು ಇಲ್ಲಿ ಅರ್ಧ ಸೂತ್ರಧಾರನೇ ಆಗಿರುತ್ತಾನೆ.

ಕನ್ನಡ ನಾಡಿಗೆ ಬಾನುಲಿಯು ತಡವಾಗಿ ಬಂದುದಲ್ಲ. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರಲ್ಲಿ ತಮ್ಮ ಮನೆಯಿಂದಲೇ ಪ್ರಸಾರವನ್ನು ಆರಂಭಿಸಿದರು. 'ಆಕಾಶವಾಣಿ' ಎಂಬ ಸುಂದರವಾದ ಹೆಸರು ರೂಢಿಗೆ ಬಂದುದು ಆ ಕೇಂದ್ರದಿಂದ. ಧಾರವಾಡದ ಕೇಂದ್ರವು ೧೯೫೦ರ ಜನೇವರಿಯಲ್ಲಿಯೂ ಪುಣೆಯದು ೧೯೫೩ರಲ್ಲಿಯೂ ಕಲಬುರ್ಗಿಯದು ೧೯೬೬ರಲ್ಲಿಯೂ ಆರಂಭವಾದವು. ಸೊಲ್ಲಾಪುರ, ಅಕ್ಕಲಕೋಟೆಗಳ ನಮ್ಮ ಹಿರಿಯರು ಒಂದೇ ಸಂಜೆ ಗುಂಡಿಯನ್ನು ತಿರುವುತ್ತ ಪುಣೆಯ ಮರಾಠಿ ಶ್ರುತಿಕೆಯನ್ನೂ ಧಾರವಾಡದ ಕನ್ನಡ ರೂಪಕವನ್ನೂ ಕೇಳುತ್ತಿದ್ದ ಸಂಗತಿಯನ್ನು ಇಂದಿಗೂ ಹೇಳುವದುಂಟು. ಇಂದಿನ ವಿದ್ಯಾರ್ಥಿಗಳಿಗೆ ಆ ಅಭ್ಯಾಸ ತಪ್ಪಿದೆ. ಕೈಯಲ್ಲಿ ಹಿಡಿದ ಯಂತ್ರದಲ್ಲಿ ಎಲ್ಲವೂ ಚಿತ್ರವಾಗಿಯೇ ಬರುವದರಿಂದ ಕಿವಿಯೊಂದರಿಂದಲೇ ಕಥೆ ಕೇಳುವ ಸುಖವನ್ನು ಅವರು ಅರಿಯರು. ಆದುದರಿಂದ ಈ ವರ್ಷದ ಸಂಚಿಕೆಯಲ್ಲಿ ಬಾನುಲಿ ನಾಟಕದ ಒಂದು ವಿಚಿತ್ರ ಶಾಖೆಯನ್ನು ವಿದ್ಯಾರ್ಥಿಗಳಿಗೂ ಅವರ ಪಾಲಕರಿಗೂ ಪರಿಚಯ ಮಾಡಿಕೊಡಬೇಕೆಂದಿದ್ದೇವೆ. ಪರಗ್ರಹದ ಜೀವಿಗಳು ಮನುಷ್ಯರ ರೂಪವನ್ನು ಧರಿಸಿ ನಮ್ಮ ನಡುವೆ ಬಂದು ನಿಲ್ಲುವ ವಿಜ್ಞಾನ ಕಥೆಗಳ ಶಾಖೆಯಿದು. ಇದು ಹುಲುಸಾಗಿ ಬೆಳೆದುದು ಅಮೇರಿಕೆಯ ನೆಲದಲ್ಲಿ. ಆದರೆ ಇದರ ಬೀಜವನ್ನು ಬಲ್ಲವರು ನಾವೂ ಹೌದು. ಮೊದಲು ಅದನ್ನೇ ನೋಡೋಣ.

ರಾಮಾಯಣದ ಅರಣ್ಯಕಾಂಡದಲ್ಲಿ ಮೂರು ವೇಷಗಳು ಒಂದರ ಹಿಂದೊಂದು ಬರುತ್ತವೆ. ಮೊದಲನೆಯದು ಮಾರೀಚನ ಹೊನ್ನಿನ ಜಿಂಕೆ. ಕೊನೆಯದು ರಾವಣನ ಸನ್ಯಾಸಿರೂಪ. ಈ ಎರಡನ್ನೂ ಮಕ್ಕಳೆಲ್ಲರೂ ಬಲ್ಲರು, ಚಿತ್ರಪಟಗಳಲ್ಲಿ ನೋಡಿಯೂ ಇದ್ದಾರೆ. ನಡುವಿನ ವೇಷವನ್ನು ಮಾತ್ರ ನಾವು ವೇಷವೆಂದು ಎಣಿಸುವದೇ ಇಲ್ಲ. ಬಾಣ ತಗುಲಿ ಸಾಯುತ್ತಿರುವ ಮಾರೀಚನು ರಾಮನ ಧ್ವನಿಯಲ್ಲಿ ಸೀತೆಯನ್ನೂ ಲಕ್ಷ್ಮಣನನ್ನೂ ಕೂಗಿ ಕರೆಯುತ್ತಾನೆ. ಅದು ಧ್ವನಿಯ ವೇಷ. ಅದನ್ನು ಚಿತ್ರದಲ್ಲಿ ಬರೆಯಲು ಬಾರದು. ಆದರೆ ಪರ್ಣಶಾಲೆಯ ಕಾವಲನ್ನು ತೆಗೆಯಿಸಿದ್ದು ಜಿಂಕೆಯೂ ಅಲ್ಲ, ಸನ್ಯಾಸಿಯೂ ಅಲ್ಲ, ಆ ಕೂಗು. ಆ ಕ್ಷಣದಲ್ಲಿ ಸೀತಾದೇವಿಯು ಬಾನುಲಿಯ ಮುಂದೆ ಕುಳಿತ ಕೇಳುಗಳಂತೆಯೇ ಇದ್ದಳು: ಕಾಣುವದೇನೂ ಇಲ್ಲ, ದೂರದಿಂದ ಪ್ರಿಯವಾದ ದನಿಯೊಂದು ಬರುತ್ತಿದೆ. ಅವಳು ನಂಬಿದಳು. ಅದೇ ದನಿಯನ್ನು ಕೇಳಿದ ಲಕ್ಷ್ಮಣನು ನಂಬಲಿಲ್ಲ. ಅದು ರಾಕ್ಷಸಮಾಯೆಯೆಂದು ಹೇಳಿದನು. ಅವನ ಕಿವಿಯು ಅತ್ತಿಗೆಯ ಕಿವಿಗಿಂತ ಸೂಕ್ಷ್ಮವಾಗಿತ್ತೆಂದು ಇದರ ಅರ್ಥವಲ್ಲ. ಅಣ್ಣನ ಸ್ವಭಾವವನ್ನೂ ಶಕ್ತಿಯನ್ನೂ ನೆನೆದು, ಇಂಥ ಕೂಗು ಅವನ ಬಾಯಿಂದ ಬರಲಾರದೆಂದು ಅವನು ನಿರ್ಣಯಿಸಿದನು. ಕಿವಿಯಿಂದ ನಂಬುವದು ಒಂದು, ಅರಿವಿನಿಂದ ಒರೆಗೆ ಹಚ್ಚುವದು ಇನ್ನೊಂದು. ಈ ವ್ಯತ್ಯಾಸವನ್ನು ವಿದ್ಯಾರ್ಥಿಗಳು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಬೇಕಾಗುವದು.

ಈಗ ಬಾನುಲಿಗೆ ಬರೋಣ. ರಂಗಭೂಮಿಯಲ್ಲಿ ಒಬ್ಬನು ಇನ್ನೊಬ್ಬನ ರೂಪ ಧರಿಸಿದನೆಂದು ತೋರಿಸುವದು ಕಷ್ಟದ ಕೆಲಸ. ಇಬ್ಬರು ನಟರು ಒಂದೇ ರೀತಿ ಕಾಣಬೇಕು. ಇಲ್ಲವೆ ಒಬ್ಬನೇ ನಟನು ಓಡೋಡಿ ಬಟ್ಟೆ ಬದಲಿಸಬೇಕು. ಬಾನುಲಿಯಲ್ಲಿ ಈ ತೊಂದರೆಯಿಲ್ಲ. ಒಬ್ಬನೇ ನಟನು ಒಂದೇ ಧ್ವನಿಗ್ರಾಹಕದ ಮುಂದೆ ನಿಂತು ನಿಜವಾದ ಅಣ್ಣನಾಗಿಯೂ ಕಪಟದ ಅಣ್ಣನಾಗಿಯೂ ಮಾತನಾಡಬಲ್ಲನು. ಅದಕ್ಕೆ ಬಣ್ಣದ ಖರ್ಚಿಲ್ಲ. ಕೇಳುಗನಿಗೆ ವ್ಯತ್ಯಾಸ ತಿಳಿಯುವ ದಾರಿಯೂ ಇಲ್ಲ, ನಾಟಕಕಾರನು ಹೇಳುವವರೆಗೆ. ಕಪಟರೂಪಿಗಳ ಕಥೆಗಳು ಬಾನುಲಿಗೆ ಹೊಂದಿಕೊಂಡುದಕ್ಕೆ ಇದೇ ಮುಖ್ಯ ಕಾರಣವೆಂದು ನಮಗೆ ತೋರುವದು.

೧೯೩೮ರ ಅಕ್ಟೋಬರ ೩೦ರಂದು ಅಮೇರಿಕೆಯ ಸಿ. ಬಿ. ಎಸ್. ಬಾನುಲಿ ಜಾಲದಲ್ಲಿ ಆರ್ಸನ್ ವೆಲ್ಸ್ ಎಂಬ ತರುಣ ನಟನು ಎಚ್. ಜಿ. ವೆಲ್ಸರ 'ಲೋಕಗಳ ಯುದ್ಧ' ಎಂಬ ಕಾದಂಬರಿಯನ್ನು ನಾಟಕವಾಗಿ ಪ್ರಸಾರ ಮಾಡಿದನು. ಅದರಲ್ಲಿ ಮಂಗಳ ಗ್ರಹದವರು ಮನುಷ್ಯರ ವೇಷ ಧರಿಸುವದಿಲ್ಲ, ಯಂತ್ರಗಳನ್ನೇರಿ ನೇರವಾಗಿ ದಂಡೆತ್ತಿ ಬರುತ್ತಾರೆ. ಅಲ್ಲಿ ವೇಷ ಹಾಕಿದ್ದು ನಾಟಕವೇ. ಸಂಗೀತದ ಕಾರ್ಯಕ್ರಮ ನಡೆದಿರುವಂತೆ, ಅದನ್ನು ನಡುವೆ ತಡೆದು ವಾರ್ತೆಗಳನ್ನು ಓದುವಂತೆ ಅದರ ರಚನೆಯಿತ್ತು. ಆರಂಭದಲ್ಲಿ ಇದು ನಾಟಕವೆಂದು ಸಾರಿದ್ದರೂ ತಡವಾಗಿ ಗುಂಡಿ ತಿರುವಿದವರಲ್ಲಿ ಕೆಲವರು ನಿಜವಾದ ವಾರ್ತೆಯೆಂದೇ ಭ್ರಮಿಸಿದರು. ದೇಶಕ್ಕೆ ದೇಶವೇ ಗಾಬರಿಯಿಂದ ಓಡಿತೆಂದು ಮರುದಿನದ ಪತ್ರಿಕೆಗಳು ಬರೆದವು. ಆ ವರ್ಣನೆಯು ಬಹುಮಟ್ಟಿಗೆ ಉತ್ಪ್ರೇಕ್ಷೆಯೆಂದು ನಂತರದ ಸಂಶೋಧಕರ ಅಭಿಪ್ರಾಯ. ಬಾನುಲಿಯು ಪತ್ರಿಕೆಗಳ ಜಾಹೀರಾತುಗಳನ್ನು ಕಸಿಯುತ್ತಿದ್ದ ಕಾಲವದು. ಅದನ್ನು ಹಳಿಯಲು ಪತ್ರಿಕೆಗಳಿಗೆ ಒಂದು ಸಂದರ್ಭ ದೊರಕಿತು.

ಕಪಟರೂಪಿಗಳ ನಿಜವಾದ ಕಾಲ ೧೯೫೦ರ ನಂತರದ್ದು. ಆ ವರ್ಷ ಎನ್. ಬಿ. ಸಿ. ಜಾಲವು 'ಡೈಮೆನ್ಶನ್ ಎಕ್ಸ್' ಎಂಬ ವಿಜ್ಞಾನ ನಾಟಕಮಾಲೆಯನ್ನು ತೊಡಗಿತು. ಅದು ೧೯೫೧ರಲ್ಲಿ ನಿಂತಿತು. ಅದರ ಉತ್ತರಾಧಿಕಾರಿಯಾದ 'ಎಕ್ಸ್ ಮೈನಸ್ ವನ್' ಎಂಬ ಮಾಲೆ ೧೯೫೫ರಿಂದ ೧೯೫೮ರ ವರೆಗೆ ನಡೆಯಿತು. ಇವುಗಳ ಧ್ವನಿಮುದ್ರಣಗಳು ಉಳಿದುಬಂದಿವೆ, ಅಂತರಜಾಲದಲ್ಲಿ ಕೇಳಲು ದೊರೆಯುತ್ತವೆ. ಎರಡೂ ಮಾಲೆಗಳಲ್ಲಿ ಬಂದ ಒಂದು ನಾಟಕವು ರೇ ಬ್ರ್ಯಾಡ್‌ಬರಿ ಎಂಬ ಲೇಖಕನ ಕಥೆಯನ್ನು ಆಧರಿಸಿದ್ದು. ಕಥೆ ಅಚ್ಚಾದುದು ೧೯೪೮ರಲ್ಲಿ. ಹೆಸರು 'ಮಂಗಳವೇ ಸ್ವರ್ಗ'. ನಮ್ಮ ದೃಷ್ಟಿಯಲ್ಲಿ ಈ ಶಾಖೆಗೆಲ್ಲ ಮುಕುಟಪ್ರಾಯವಾದ ಕಥೆಯಿದು. ಆದುದರಿಂದ ತುಸು ವಿಸ್ತಾರವಾಗಿಯೇ ಹೇಳುತ್ತೇವೆ.

ಭೂಮಿಯಿಂದ ಹೊರಟ ಆಕಾಶನೌಕೆಯೊಂದು ಮಂಗಳ ಗ್ರಹದ ಮೇಲಿಳಿಯುತ್ತದೆ. ಕಿಟಕಿಯಿಂದ ನೋಡಿದರೆ ಹೊರಗೆ ಹಸಿರು ಹುಲ್ಲು, ಹೂವಿನ ಕುಂಡಗಳು, ಹಳೆಯ ಕಾಲದ ಅಮೇರಿಕೆಯ ಒಂದು ಚಿಕ್ಕ ಊರು! ಯಾವುದೋ ಮನೆಯಿಂದ ಪಿಯಾನೋ ವಾದ್ಯದ ದನಿ ಬರುತ್ತಿದೆ. ನೌಕೆಯ ನಾಯಕನು ಎಚ್ಚರಿಕೆಯ ಮನುಷ್ಯ. ಇದು ಹೇಗೆ ಸಾಧ್ಯವೆಂದು ಶಂಕಿಸುತ್ತಾನೆ. ಆದರೆ ಅವನ ಸಂಗಡಿಗರಿಗೆ ತೀರಿಹೋದ ಅಜ್ಜ ಅಜ್ಜಿಯರು ಎದುರಾಗುತ್ತಾರೆ. ಅವರು ಆಯುಧಗಳನ್ನು ಮರೆತು, ಕಾವಲನ್ನು ಬಿಟ್ಟು, ತಂತಮ್ಮವರ ಹಿಂದೆ ಹೊರಟುಹೋಗುತ್ತಾರೆ. ಕೋಪಗೊಂಡ ನಾಯಕನ ಮುಂದೆಯೂ ಒಬ್ಬ ತರುಣನು ಬಂದು ನಿಲ್ಲುತ್ತಾನೆ. ಅವನು ಎಷ್ಟೋ ವರ್ಷಗಳ ಹಿಂದೆ ತೀರಿಹೋದ ಅವನ ಅಣ್ಣ. ಇಬ್ಬರೂ ಓಡುತ್ತ ಮನೆಗೆ ಹೋಗುತ್ತಾರೆ. ಬಾಗಿಲಲ್ಲಿ ತಾಯಿ, ಒಳಗೆ ತಂದೆ. ಹಳೆಯ ಅಡಿಗೆ, ಹಳೆಯ ಹಾಡು, ಹಳೆಯ ಹಾಸಿಗೆ.

ರಾತ್ರಿ ದೀಪ ಆರಿದ ಮೇಲೆ, ಅಣ್ಣನ ಮಗ್ಗುಲಲ್ಲಿ ಮಲಗಿದ ನಾಯಕನಿಗೆ ಮೊದಲ ಬಾರಿ ಬುದ್ಧಿ ಓಡುತ್ತದೆ. ಮಂಗಳದಲ್ಲಿ ನಿಜವಾಗಿಯೂ ಜೀವಿಗಳಿದ್ದು, ಅವರಿಗೆ ನಮ್ಮ ಮನಸ್ಸನ್ನು ಓದುವ ಶಕ್ತಿಯಿದ್ದರೆ? ಆಯುಧವುಳ್ಳ ಶತ್ರುವನ್ನು ಸುಲಭವಾಗಿ ಗೆಲ್ಲಲು ಇದಕ್ಕಿಂತ ಒಳ್ಳೆಯ ಉಪಾಯವಾವುದು? ಅವನ ನೆನಪಿನಿಂದಲೇ ತಾಯಿಯನ್ನು ತೆಗೆದು ಅವನ ಮುಂದೆ ನಿಲ್ಲಿಸಿದರೆ ಅವನು ತಾಯಿಯನ್ನು ಶಂಕಿಸುವನೆ? ಹೀಗೆ ಯೋಚಿಸಿ ಅವನು ಮೆಲ್ಲನೆ ಎದ್ದು ಬಾಗಿಲ ಕಡೆಗೆ ನಡೆಯುತ್ತಾನೆ. ಕತ್ತಲಲ್ಲಿ ಅಣ್ಣನ ಧ್ವನಿಯು ಎಲ್ಲಿಗೆ ಹೊರಟೆಯೆಂದು ಕೇಳುತ್ತದೆ. ಅವನು ಬಾಗಿಲನ್ನು ಮುಟ್ಟುವದಿಲ್ಲ.

ಈ ಭಾಗವನ್ನು ಪುಸ್ತಕದಲ್ಲಿ ಓದುವದಕ್ಕೂ ಕತ್ತಲ ಕೋಣೆಯಲ್ಲಿ ಕುಳಿತು ಕೇಳುವದಕ್ಕೂ ಬಹಳ ಅಂತರವಿದೆ. ಪುಸ್ತಕದ ಓದುಗನಿಗೆ ಕೋಣೆ ಕತ್ತಲೆಯಾಗಿದೆಯೆಂದು ಲೇಖಕನು ಹೇಳಬೇಕು. ಬಾನುಲಿಯ ಕೇಳುಗನು ಮೊದಲಿನಿಂದಲೂ ಕತ್ತಲಲ್ಲಿಯೇ ಇದ್ದಾನೆ. ನಾಯಕನಿಗೆ ತಿಳಿದಷ್ಟೇ ಅವನಿಗೂ ತಿಳಿದಿದೆ. ಸಂಜೆಯಿಂದ ತಾಯಿಯ ಅಕ್ಕರೆಯ ಮಾತಿಗೆ ಅವನ ಮನಸ್ಸೂ ಕರಗಿರುವದು. ಧ್ವನಿಯಲ್ಲಿ ಎಳ್ಳಷ್ಟೂ ಬದಲಿಲ್ಲ. ಅದನ್ನು ಕೇಳುವ ನಮ್ಮ ಅರಿವು ಬದಲಾಗಿದೆ, ಅಷ್ಟೇ. ಅದೇ ಅಣ್ಣ, ಅದೇ ಪ್ರೀತಿಯ ಮಾತು. ಕ್ಷಣದ ಹಿಂದೆ ಹಿತವಾಗಿದ್ದುದು ಈಗ ಮೈಯನ್ನು ನಡುಗಿಸುತ್ತದೆ.

ಇದೇ ಜಾಡಿನ ಉಳಿದ ಕಥೆಗಳನ್ನು ಚಿಕ್ಕದಾಗಿ ಹೇಳಿದರೆ ಸಾಕು. 'ಎಕ್ಸ್ ಮೈನಸ್ ವನ್' ೧೯೫೬ರಲ್ಲಿ ಪ್ರಸಾರ ಮಾಡಿದ 'ಕಾಲೊನಿ' ಎಂಬುದು ಫಿಲಿಪ್ ಡಿಕ್ ಬರೆದ ಕಥೆ. ಅದರಲ್ಲಿ ಕಪಟರೂಪಿಯು ಮನುಷ್ಯನಾಗದೆ ವಸ್ತುವಾಗುತ್ತದೆ: ಸೂಕ್ಷ್ಮದರ್ಶಕವೇ ವಿಜ್ಞಾನಿಯ ಕುತ್ತಿಗೆ ಹಿಚುಕಲು ಬರುತ್ತದೆ. ಕೊನೆಗೆ ಎಲ್ಲರೂ ಪಾರಾಗಲೆಂದು ಏರುವ ನೌಕೆಯೇ ನಿಜವಾದ ನೌಕೆಯಲ್ಲ. ಡಿಕ್ಕನ ಇನ್ನೊಂದು ಕಥೆ 'ಇಂಪೋಸ್ಟರ್' (೧೯೫೩) ಇನ್ನೂ ಕ್ರೂರವಾದುದು. ಅಲ್ಲಿ ಒಬ್ಬ ಸಜ್ಜನನ ಮೇಲೆ ಅವನು ಮನುಷ್ಯನಲ್ಲ, ಶತ್ರುಗಳು ಮಾಡಿ ಕಳುಹಿಸಿದ ಯಂತ್ರವೆಂಬ ಆರೋಪ ಬರುತ್ತದೆ. ತಾನು ತಾನೇ ಎಂದು ಸಾಧಿಸಲು ಅವನು ಕಥೆಯುದ್ದಕ್ಕೂ ಹೆಣಗುತ್ತಾನೆ. ಅವನ ನೆನಪುಗಳು ಅವನವೇ, ಹೆಂಡತಿ ಅವನವಳೇ. ಆದರೆ ನಿಜವಾದ ಆ ಮನುಷ್ಯನ ಶವವು ದೊರೆತಾಗ, ತಾನು ತಾನಲ್ಲವೆಂಬುದು ಮೊದಲ ಬಾರಿಗೆ ಅವನಿಗೇ ಗೊತ್ತಾಗುತ್ತದೆ. ಪರರನ್ನು ಮೋಸಗೊಳಿಸುವ ವೇಷಗಾರರನ್ನು ನಾವು ಬಲ್ಲೆವು. ತನ್ನ ವೇಷವನ್ನು ತಾನೇ ಅರಿಯದವನು ಹೊಸ ಕಲ್ಪನೆ. ಜಾನ್ ಕ್ಯಾಂಬೆಲ್ಲನ ಹಳೆಯ ಕಥೆಯೊಂದರಲ್ಲಿ (೧೯೩೮) ದಕ್ಷಿಣ ಧ್ರುವದ ಹಿಮದಲ್ಲಿ ಸಿಕ್ಕ ಪರಲೋಕದ ಜೀವಿಯು ಶಿಬಿರದ ಜನರ ರೂಪವನ್ನು ಒಬ್ಬೊಬ್ಬರದಾಗಿ ತಾಳುತ್ತ ಹೋಗುವದು. ಅಲ್ಲಿ ಪ್ರತಿಯೊಬ್ಬನ ರಕ್ತವನ್ನು ತೆಗೆದು ಅದಕ್ಕೆ ಕಾಯಿಸಿದ ತಂತಿಯನ್ನು ತಾಗಿಸಿ ಪರೀಕ್ಷಿಸುತ್ತಾರೆ. ಕಪಟಿಯ ರಕ್ತವಾದರೆ ಬಿಸಿಗೆ ಹೆದರಿ ಸರಿಯುವದು.

ಈ ರಕ್ತಪರೀಕ್ಷೆಯನ್ನು ಓದಿದಾಗ ನಮಗೆ ನೆನಪಾದುದು ದಮಯಂತಿಯ ಸ್ವಯಂವರ. ಮಹಾಭಾರತದ ವನಪರ್ವದಲ್ಲಿ ಬರುವ ಈ ಕಥೆಯನ್ನು ಕನಕದಾಸರು ಕನ್ನಡದಲ್ಲಿ 'ನಳಚರಿತ್ರೆ'ಯಾಗಿ ಹಾಡಿದ್ದಾರೆ. ಇಂದ್ರ, ಅಗ್ನಿ, ಯಮ, ವರುಣರು ನಾಲ್ವರೂ ನಳನ ರೂಪ ಧರಿಸಿ ಸಭೆಯಲ್ಲಿ ಕುಳಿತಿದ್ದಾರೆ. ಮಾಲೆ ಹಿಡಿದ ದಮಯಂತಿಗೆ ಕಾಣುವವರು ಐವರು ನಳರು. ಅವಳು ದೇವತೆಗಳನ್ನೇ ಬೇಡಿಕೊಂಡಾಗ ಅವರು ತಮ್ಮ ಲಕ್ಷಣಗಳನ್ನು ತೋರುತ್ತಾರೆ. ನಾಲ್ವರಿಗೆ ಬೆವರಿಲ್ಲ, ರೆಪ್ಪೆ ಬಡಿಯುವದಿಲ್ಲ, ಕೊರಳ ಮಾಲೆ ಬಾಡಿಲ್ಲ, ಪಾದ ನೆಲಕ್ಕೆ ತಾಗಿಲ್ಲ. ಐದನೆಯವನಿಗೆ ನೆರಳಿದೆ, ಮೈಮೇಲೆ ಧೂಳಿದೆ, ಬೆವರಿದೆ, ಮಾಲೆ ಬಾಡಿದೆ. ದಮಯಂತಿಯು ಆ ಬಾಡಿದ ಮಾಲೆಯವನನ್ನೇ ವರಿಸಿದಳು. ಅಮೇರಿಕೆಯ ಕಥೆಗಾರನು ಕಪಟಿಯನ್ನು ಹಿಡಿಯಲು ಸುಡುವ ತಂತಿಯನ್ನು ಹುಡುಕಿದನು. ನಮ್ಮ ವ್ಯಾಸರು ಮನುಷ್ಯನನ್ನು ಗುರುತಿಸಲು ಅವನ ಬೆವರನ್ನೂ ಧೂಳನ್ನೂ ತೋರಿಸಿದರು. ಯಾವ ಪರೀಕ್ಷೆ ಹೆಚ್ಚು ಮಾನವೀಯವೆಂಬುದನ್ನು ವಾಚಕರೇ ನಿರ್ಣಯಿಸಬಹುದು. ನಮ್ಮ ಒಲವು ಎತ್ತ ಇದೆಯೆಂದು ಹೇಳಬೇಕಾಗಿಲ್ಲ.

ಅಮೇರಿಕೆಯ ಜನರು ಆ ದಶಕದಲ್ಲಿ ಇಂಥ ಕಥೆಗಳಿಗೆ ಅಷ್ಟು ಮನಸೋತುದೇಕೆ? ಅದಕ್ಕೆ ಕಾರಣವನ್ನು ಆಕಾಶದಲ್ಲಿ ಹುಡುಕಬೇಕಾಗಿಲ್ಲ. ಎರಡನೆಯ ಮಹಾಯುದ್ಧ ಮುಗಿದು ಅಮೇರಿಕೆಗೂ ರಶಿಯಕ್ಕೂ ಶೀತಲಯುದ್ಧ ಆರಂಭವಾಗಿತ್ತು. ನೆರೆಮನೆಯವನು ಮೇಲೆ ನಮ್ಮವನಂತೆ ತೋರಿ ಒಳಗೆ ಶತ್ರುಪಕ್ಷದವನಿರಬಹುದೆಂಬ ಶಂಕೆ ದೇಶವನ್ನೆಲ್ಲ ಕವಿದಿತ್ತು. ೧೯೫೦ರ ಜೂನ ತಿಂಗಳಲ್ಲಿ 'ರೆಡ್ ಚಾನೆಲ್ಸ್' ಎಂಬ ಪುಸ್ತಿಕೆಯೊಂದು ಹೊರಬಿದ್ದಿತು. ಬಾನುಲಿ, ದೂರದರ್ಶನಗಳಲ್ಲಿ ಕೆಲಸ ಮಾಡುವ ೧೫೧ ಜನರ ಹೆಸರುಗಳನ್ನು ಅದರಲ್ಲಿ ಸಂಶಯಾಸ್ಪದರೆಂದು ಅಚ್ಚು ಹಾಕಿದ್ದರು. ಮಂಗಳದವರ ದಂಡಯಾತ್ರೆಯನ್ನು ಬಾನುಲಿಯಲ್ಲಿ ತಂದ ಆರ್ಸನ್ ವೆಲ್ಸನ ಹೆಸರೂ ಅದರಲ್ಲಿತ್ತು. ಹೆಸರು ಬಂದವರಲ್ಲಿ ಎಷ್ಟೋ ಜನರಿಗೆ ಕೆಲಸ ತಪ್ಪಿತು. 'ಡೈಮೆನ್ಶನ್ ಎಕ್ಸ್' ಮಾಲೆಯಲ್ಲಿ 'ಮಂಗಳವೇ ಸ್ವರ್ಗ' ಪ್ರಸಾರವಾದುದು ಮುಂದಿನ ತಿಂಗಳಲ್ಲಿಯೇ. ಹೀಗಾಗಿ ಕಪಟರೂಪಿಗಳ ನಾಟಕವನ್ನು ಆಡುತ್ತಿದ್ದ ಕಲಾವಿದರೇ ಕಪಟರೂಪಿಗಳೆಂಬ ಸಂಶಯಕ್ಕೆ ಗುರಿಯಾಗಿದ್ದ ಕಾಲವದು.

ಇಲ್ಲಿ ನಮ್ಮ ಮಕ್ಕಳಿಗೆ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಈ ಕಥೆಗಳು ರಮ್ಯವಾಗಿವೆ, ಆದರೆ ನೆರೆಯವನನ್ನು ಶಂಕಿಸುವ ಬುದ್ಧಿಯನ್ನೂ ಕಲಿಸುತ್ತವೆ. ನಮ್ಮಂಥ ಊರಿಗೆ ಆ ಬುದ್ಧಿ ಬರಬಾರದು. ಸೊಲ್ಲಾಪುರದ ಒಂದೇ ಓಣಿಯಲ್ಲಿ ಮರಾಠಿ, ಕನ್ನಡ, ತೆಲುಗು, ಉರ್ದು ನಾಲ್ಕೂ ಕೇಳಿಬರುತ್ತವೆ. ಮನೆಯಲ್ಲಿ ಕನ್ನಡವನ್ನಾಡುವ ಅಕ್ಕಲಕೋಟೆಯ ವ್ಯಾಪಾರಿಯು ಅಂಗಡಿಯಲ್ಲಿ ಕುಳಿತೊಡನೆ ಮರಾಠಿಯನ್ನಾಡುತ್ತಾನೆ. ಅದು ವೇಷವಲ್ಲ, ಊರಿನ ರೀತಿ. ಚಾರ ಹುತಾತ್ಮಾ ಚೌಕದ ಮುಂದೆ ಹಾಯ್ದುಹೋಗುವ ಮಕ್ಕಳು ಅಲ್ಲಿಯ ನಾಲ್ಕು ಹೆಸರುಗಳನ್ನು ಓದಿ ನೋಡಲಿ: ಮಲ್ಲಪ್ಪ ಧನಶೆಟ್ಟಿ, ಶ್ರೀಕಿಶನ ಸಾರಡಾ, ಜಗನ್ನಾಥ ಶಿಂದೆ, ಕುರ್ಬಾನ ಹುಸೇನ. ೧೯೩೦ರಲ್ಲಿ ಸೊಲ್ಲಾಪುರದ ಮೇಲೆ ಬ್ರಿಟಿಶರು ಲಷ್ಕರೀ ಕಾಯದೆಯನ್ನು ಹೇರಿದರು. ಆ ಪ್ರಕರಣದಲ್ಲಿ ಈ ನಾಲ್ವರನ್ನೂ ೧೯೩೧ರ ಜನೇವರಿ ೧೨ರಂದು ಯೆರವಡೆಯ ಸೆರೆಮನೆಯಲ್ಲಿ ಗಲ್ಲಿಗೇರಿಸಿದರು. ಅವರವರ ಮನೆಮಾತು ಯಾವುದೆಂದು ಅಂದು ಯಾರೂ ಒಬ್ಬರನ್ನೊಬ್ಬರು ಕೇಳಲಿಲ್ಲ.

ವೇಷವೆಲ್ಲ ಕೆಟ್ಟದ್ದೂ ಅಲ್ಲ. ನಮ್ಮ ಹಳ್ಳಿಗಳಿಗೆ ಬರುತ್ತಿದ್ದ ಬಹುರೂಪಿಯನ್ನು ಪಾಲಕರು ನೋಡಿರಬಹುದು. ಪೋಲೀಸ ಫೌಜದಾರನ ಉಡುಪಿನಲ್ಲಿ ಬಂದು, ಸುಳ್ಳು ವಾರಂಟನ್ನು ಓದಿ, ಮನೆಯವರನ್ನೆಲ್ಲ ಗದರಿಸಿ, ಕೊನೆಗೆ ತಾನೇ ನಕ್ಕು ಕೈಯೊಡ್ಡುತ್ತಿದ್ದನು. ಆ ಕೈಯೊಡ್ಡುವಿಕೆಯಲ್ಲಿಯೇ ವೇಷ ಕಳಚುವದು. ವೇಷದ ಕೊನೆಯಲ್ಲಿ ತನ್ನ ನಿಜರೂಪವನ್ನು ತಾನೇ ಹೇಳುವವನು ಕಲಾವಿದನು, ಹೇಳದವನು ಕಪಟಿ. ನಮ್ಮ ನೆರೆಯ ಕೊಲ್ಹಾಪುರದಲ್ಲಿ ಹುಟ್ಟಿದ ಖಗೋಲ ವಿಜ್ಞಾನಿ ಜಯಂತ ನಾರಳೀಕರರೂ ಒಮ್ಮೆ ವೇಷ ಹಾಕಿದ್ದರು. ೧೯೭೪ರಲ್ಲಿ ಮರಾಠಿ ವಿಜ್ಞಾನ ಪರಿಷತ್ತಿನ ಕಥಾಸ್ಪರ್ಧೆಗೆ ಅವರು ತಮ್ಮ ಮೊದಲ ವಿಜ್ಞಾನ ಕಥೆಯನ್ನು ಬೇರೊಂದು ಹೆಸರಿನಲ್ಲಿ ಕಳುಹಿಸಿದರು; ಅಕ್ಷರದ ಗುರುತು ಹತ್ತಬಾರದೆಂದು ಪತ್ನಿಯ ಕೈಯಿಂದ ಅದನ್ನು ಬರೆಯಿಸಿದ್ದರು. ಕಥೆಗೆ ಬಹುಮಾನ ಬಂದಿತು. ದೊಡ್ಡ ಹೆಸರಿನ ಬಲವಿಲ್ಲದೆ ಕಥೆಯು ತನ್ನ ಕಾಲ ಮೇಲೆ ನಿಲ್ಲಲೆಂಬುದು ಆ ವೇಷದ ಉದ್ದೇಶ.

ಮತ್ತೆ ಧ್ವನಿಯ ವಿಷಯಕ್ಕೆ ಬರೋಣ. ವೈದ್ಯಶಾಸ್ತ್ರದಲ್ಲಿ ಕಾಪ್‌ಗ್ರಾ ಭ್ರಮೆಯೆಂಬುದೊಂದು ಇದೆ. ಫ್ರಾನ್ಸದ ಮನೋವೈದ್ಯ ಜೋಸೆಫ್ ಕಾಪ್‌ಗ್ರಾ ಎಂಬವನು ೧೯೨೩ರಲ್ಲಿ ಇದನ್ನು ವರ್ಣಿಸಿದನು. ಇದಕ್ಕೆ ಗುರಿಯಾದ ರೋಗಿಯು ತನ್ನ ಹೆಂಡತಿಯನ್ನೋ ತಾಯಿಯನ್ನೋ ನೋಡಿ, ಇವಳು ಅವಳಂತೆಯೇ ಇದ್ದಾಳೆ, ಆದರೆ ಅವಳಲ್ಲ, ಅವಳ ರೂಪ ಧರಿಸಿ ಬಂದ ಬೇರೊಬ್ಬಳು ಎನ್ನುತ್ತಾನೆ. ಕಥೆಗಾರನ ಕಲ್ಪನೆಯೆಂದು ನಾವು ತಿಳಿದದ್ದು ಹೀಗೆ ಮಿದುಳಿನಲ್ಲಿ ನಿಜವಾಗಿಯೂ ಘಟಿಸಬಲ್ಲದು. ಭಾರತೀಯ ಮೂಲದ ನರವಿಜ್ಞಾನಿ ವಿ. ಎಸ್. ರಾಮಚಂದ್ರನ್ ಇಂಥ ಒಬ್ಬ ತರುಣನನ್ನು ಪರೀಕ್ಷಿಸಿದರು. ಮೋಟಾರು ಅಪಘಾತದಲ್ಲಿ ತಲೆಗೆ ಪೆಟ್ಟು ಬಿದ್ದ ಮೇಲೆ ಅವನು ತನ್ನ ತಾಯಿಯನ್ನು ಕಂಡು ಕಪಟಿಯೆನ್ನುತ್ತಿದ್ದನು. ಆದರೆ ಅದೇ ತಾಯಿ ಬೇರೆ ಕೋಣೆಯಿಂದ ದೂರವಾಣಿಯಲ್ಲಿ ಮಾತನಾಡಿದರೆ ಕೂಡಲೇ ಅಮ್ಮನೆಂದು ಗುರುತಿಸುತ್ತಿದ್ದನು! ರಾಮಚಂದ್ರನ್ನರು ಇದನ್ನು ಹೀಗೆ ವಿವರಿಸಿದರು: ಕಂಡ ಮುಖವನ್ನು ಮಿದುಳು ಗುರುತಿಸುವದು ಒಂದೆಡೆ, ಆ ಮುಖಕ್ಕೆ ಅಕ್ಕರೆ ಹುಟ್ಟುವದು ಇನ್ನೊಂದೆಡೆ. ಇವೆರಡರ ನಡುವಿನ ದಾರಿ ಅಪಘಾತದಲ್ಲಿ ಕಡಿದಿತ್ತು. ಕಿವಿಯಿಂದ ಅಕ್ಕರೆಗೆ ಹೋಗುವ ದಾರಿ ಉಳಿದಿತ್ತು. ಮುಖ ತಾಯಿಯದು, ಆದರೆ ಕಂಡರೆ ಎದೆ ಮಿಡಿಯದು. ಆದ್ದರಿಂದ ಇವಳು ಕಪಟಿಯೆಂದು ಬುದ್ಧಿ ತೀರ್ಮಾನಿಸಿತು.

ಇದರ ತಿರುವುಮುರುವಾದ ಸಂಗತಿಯೊಂದನ್ನು ನಾವು ಕೇಳಿದ್ದೇವೆ. ಬೇಸಿಗೆಯಲ್ಲಿ ಹೊಸ ಮಕ್ಕಳನ್ನು ಸೇರಿಸಿಕೊಳ್ಳಲು ಮನೆಮನೆಗೆ ಹೋಗುವ ರೂಢಿ ಕನ್ನಡ ಶಾಲೆಯ ಮಾಸ್ತರರಿಗೆಲ್ಲ ಇದ್ದದ್ದೇ. ಅಕ್ಕಲಕೋಟೆ ತಾಲೂಕಿನ ಒಂದು ಹಳ್ಳಿಯಲ್ಲಿ ಒಬ್ಬ ಅಜ್ಜಿ, ದೂರದ ನಗರದಲ್ಲಿ ಓದುವ ಮೊಮ್ಮಗನನ್ನು ಕುರಿತು ಹೀಗೆಂದಳು: "ಫೋನಿನಾಗ ಮಾತಾಡಿದ್ರ ಯಾರೋ ಬ್ಯಾರೇದವ್ರು ಮಾತಾಡಿದಂಗ ಆಗ್ತದ್ರೀ ಮಾಸ್ತರ. ಎದುರಿಗಿ ಬಂದು ನಿಂತ್ರ, ನಮ್ಮ ಹುಡುಗನೇ ಅದಾನ." ಅವಳಿಗೆ ಮಿದುಳಿನ ರೋಗವೇನೂ ಇರಲಿಲ್ಲ. ಮೊಮ್ಮಗನ ಕನ್ನಡ ತಪ್ಪಿಹೋಗಿತ್ತು. ಅವನು ಹಿಂದಿಯಲ್ಲಿ ಕೇಳಿದರೆ ಇವಳು ಕನ್ನಡದಲ್ಲಿ ಹೇಳಬೇಕು, ನಡುವೆ ಸೊಸೆ ದುಭಾಷಿ. ಮುಖದ ಗುರುತು ಉಳಿದು ಧ್ವನಿಯ ಗುರುತು ಹೋದುದಕ್ಕೆ ಇದು ಉದಾಹರಣೆ. ಹುಡುಗನ ತಪ್ಪೆಂದು ನಾವು ಹೇಳುವದಿಲ್ಲ. ಅವನಿಗೆ ಯಾರೂ ಆ ಮಾತನ್ನು ಬೇಡವೆನ್ನಲಿಲ್ಲ. ಅದರ ಅವಶ್ಯಕತೆ ಇದೆಯೆಂದೂ ಯಾರೂ ಹೇಳಲಿಲ್ಲ.

ಇದಕ್ಕೆ ಹೊಂದುವ ಕಥೆಯೊಂದು ಅದೇ ಬ್ರ್ಯಾಡ್‌ಬರಿಯದಿದೆ. ಹೆಸರು 'ಮಂಗಳವಾಸಿ' (೧೯೪೯). ಇಲ್ಲಿಯ ಪರಗ್ರಹಜೀವಿ ಯಾರನ್ನೂ ಕೊಲ್ಲುವದಿಲ್ಲ. ಅದು ಒಂಟಿಯಾದ, ಅಕ್ಕರೆಗಾಗಿ ಹಸಿದ ಜೀವಿ. ಮಗನನ್ನು ಕಳೆದುಕೊಂಡ ವೃದ್ಧ ದಂಪತಿಗಳ ಬಾಗಿಲಿಗೆ ಬಂದು ಅವರ ಮಗನಾಗಿ ನಿಲ್ಲುತ್ತದೆ. ತಂದೆಗೆ ಇದು ಮಗನಲ್ಲವೆಂದು ಗೊತ್ತು. ಆದರೂ ಇರಲಿ ಎನ್ನುತ್ತಾನೆ. ಪೇಟೆಗೆ ಹೋಗುವದೆಂದರೆ ಆ 'ಮಗ'ನಿಗೆ ಭಯ. ಹಟಮಾಡಿ ಕರೆದೊಯ್ದಾಗ, ಮಗಳನ್ನು ಕಳೆದುಕೊಂಡ ಇನ್ನೊಂದು ಮನೆಯವರ ಹಂಬಲ ಅದನ್ನು ಎಳೆದು ಅವರ ಮಗಳನ್ನಾಗಿ ಮಾಡುತ್ತದೆ. ಹಿಂದಕ್ಕೆ ಕರೆತರುವಾಗ ದಾರಿಯಲ್ಲಿ ಕಂಡವರೆಲ್ಲರೂ ಅದರಲ್ಲಿ ತಂತಮ್ಮವರನ್ನು ಕಂಡು ತಮ್ಮ ಕಡೆಗೆ ಎಳೆಯುತ್ತಾರೆ. ಮುಖವು ಕ್ಷಣಕ್ಕೊಂದಾಗುತ್ತ, ಯಾವ ರೂಪದಲ್ಲಿಯೂ ನಿಲ್ಲಲಾರದೆ, ಆ ಜೀವಿ ನಡುಬೀದಿಯಲ್ಲಿ ಸತ್ತುಬೀಳುತ್ತದೆ.

ಕಪಟರೂಪಿಗಳ ಕಥೆಗಳಲ್ಲೆಲ್ಲ ನಮಗೆ ಹೆಚ್ಚು ನಾಟಿದ್ದು ಇದು. ಉಳಿದ ಕಥೆಗಳು ಕಪಟಿಯನ್ನು ಹಿಡಿಯುವದು ಹೇಗೆಂದು ಕೇಳುತ್ತವೆ. ಇದು, ಅವನನ್ನು ಕಪಟಿಯನ್ನಾಗಿ ಮಾಡಿದವರು ಯಾರೆಂದು ಕೇಳುತ್ತದೆ. ಗಡಿಯ ಊರಿನ ಮಗುವನ್ನು ಅಜ್ಜಿ ಒಂದು ಕಡೆಗೆ, ಪೇಟೆ ಒಂದು ಕಡೆಗೆ, ಮುಂದಿನ ನೌಕರಿಯ ಆಶೆ ಮತ್ತೊಂದು ಕಡೆಗೆ ಎಳೆಯುವದನ್ನು ನಾವು ದಿನಾಲು ನೋಡುತ್ತೇವೆ. ಮರಾಠಿಯನ್ನೂ ಇಂಗ್ಲಿಷನ್ನೂ ಕಲಿಯುವದರಿಂದ ಮಗುವಿಗೆ ಹಾನಿಯಿಲ್ಲ. ಅವು ಬೇಕು, ಚೆನ್ನಾಗಿಯೇ ಬೇಕು. ನೆಂಟರೆದುರಿಗೆ ಕನ್ನಡವನ್ನಾಡಿದುದಕ್ಕೆ ಮಗುವನ್ನು ಗದರಿಸುವ ಮನೆಗಳ ಬಗ್ಗೆಯೇ ನಮ್ಮ ಚಿಂತೆ. ಅಲ್ಲಿ ಮಗು ಮಾತನ್ನಷ್ಟೇ ಬದಲಿಸುವದಿಲ್ಲ, ಯಾವ ಮುಖ ಯಾರಿಗೆ ಬೇಕೆಂದು ನೋಡಿ ಬದಲಾಗಲು ಕಲಿಯುತ್ತದೆ.

ಬೇರೆ ರೀತಿಯಲ್ಲಿಯೂ ಬಾಳಬಹುದೆಂಬುದಕ್ಕೆ ಸೊಲ್ಲಾಪುರದಲ್ಲಿಯೇ ಹುಟ್ಟಿ ಬೆಳೆದ ಡಾ. ಜಯದೇವಿತಾಯಿ ಲಿಗಾಡೆಯವರು ಸಾಕ್ಷಿ. ಅವರ ಶಾಲೆಯ ಓದು ನಡೆದುದು ಮರಾಠಿಯಲ್ಲಿ. ಕನ್ನಡವನ್ನು ಅವರು ತಮ್ಮ ಪ್ರಯತ್ನದಿಂದ ಸಾಧಿಸಿಕೊಂಡರು. ನಮ್ಮ ಊರದೈವವಾದ ಸಿದ್ಧರಾಮನ ಚರಿತ್ರೆಯನ್ನು ಕನ್ನಡದಲ್ಲಿ ಪುರಾಣವಾಗಿ ಬರೆದರು, ವಚನಗಳನ್ನು ಮರಾಠಿಗೆ ತಂದರು. ೧೯೭೪ರಲ್ಲಿ ಮಂಡ್ಯದಲ್ಲಿ ಕೂಡಿದ ಕನ್ನಡ ಸಾಹಿತ್ಯ ಸಮ್ಮೇಲನಕ್ಕೆ ಅಧ್ಯಕ್ಷರಾದರು. ಆ ಪೀಠವನ್ನೇರಿದ ಮೊದಲ ಮಹಿಳೆ ಅವರು. ಎರಡು ಭಾಷೆಗಳಲ್ಲಿಯೂ ಅವರ ಧ್ವನಿ ಅವರದೇ ಆಗಿತ್ತು.

ಕೊನೆಯದಾಗಿ ಪಾಲಕರಿಗೆ ಒಂದು ವ್ಯವಹಾರದ ಮಾತು. ಮಾರೀಚನ ವಿದ್ಯೆ ಈಗ ಯಂತ್ರಗಳಿಗೆ ಬಂದಿದೆ. ಒಬ್ಬರ ಮಾತಿನ ತುಸು ಧ್ವನಿಮುದ್ರಣ ದೊರೆತರೆ ಸಾಕು, ಕೃತಕ ಬುದ್ಧಿಯ ಯಂತ್ರವು ಅವರ ದನಿಯಲ್ಲಿ ಬೇಕಾದುದನ್ನು ಆಡಿ ತೋರಿಸಬಲ್ಲದು. ಮಗನ ಧ್ವನಿಯಲ್ಲಿ ಅಪಘಾತವಾಯಿತೆಂದು ಅತ್ತು ಹಣ ಕೇಳುವ ವಂಚಕರಿದ್ದಾರೆ. ಪೋಲೀಸ ಅಧಿಕಾರಿಯ ಉಡುಪಿನಲ್ಲಿ ದೂರವಾಣಿಯ ಪರದೆಯ ಮೇಲೆ ಕಾಣಿಸಿಕೊಂಡು, ನಿಮ್ಮನ್ನು 'ಡಿಜಿಟಲ್ ಅರೆಸ್ಟ್' ಮಾಡಿದ್ದೇವೆಂದು ಹೆದರಿಸಿ ದಿನಗಟ್ಟಲೆ ಮನೆಯಲ್ಲಿ ಕೂಡಿಹಾಕುವವರೂ ಇದ್ದಾರೆ. ಹಳೆಯ ಬಹುರೂಪಿಯ ವೇಷವೇ ಇದು, ಆದರೆ ಇವನು ಕೊನೆಯಲ್ಲಿ ನಗುವದಿಲ್ಲ. ಇಂಥ ಬಂಧನವು ನಮ್ಮ ಕಾಯದೆಯಲ್ಲಿಯೇ ಇಲ್ಲವೆಂದು ಪ್ರಧಾನಮಂತ್ರಿಗಳು ೨೦೨೪ರ ಅಕ್ಟೋಬರ ತಿಂಗಳ 'ಮನ್ ಕೀ ಬಾತ್' ಕಾರ್ಯಕ್ರಮದಲ್ಲಿ ಜನರಿಗೆ ತಿಳಿಸಿದರು. ಆ ಎಚ್ಚರಿಕೆ ಬಂದುದೂ ಆಕಾಶವಾಣಿಯ ಮೂಲಕವೇ.

ಇಂಥ ಕರೆ ಬಂದಾಗ ಲಕ್ಷ್ಮಣನ ರೀತಿಯನ್ನು ಹಿಡಿಯಬೇಕು. ದನಿ ಮಗನದೇ ಎಂದು ಕೇಳುತ್ತ ಕೂಡದೆ, ಈ ಮಾತು ಮಗನು ಆಡತಕ್ಕುದೆ ಎಂದು ಯೋಚಿಸಬೇಕು. ಕರೆಯನ್ನು ಕಡಿದು, ಗೊತ್ತಿರುವ ಅವನ ಸಂಖ್ಯೆಗೆ ತಾವೇ ಕರೆಮಾಡಬೇಕು. ಹಣ ಹೋದರೆ ಕೂಡಲೇ ೧೯೩೦ ಎಂಬ ರಾಷ್ಟ್ರೀಯ ಸಹಾಯವಾಣಿಗೆ ತಿಳಿಸಬೇಕು. ಸೊಲ್ಲಾಪುರದವರಿಗೆ ಈ ಅಂಕೆ ಮರೆಯತಕ್ಕದ್ದಲ್ಲ. ಇನ್ನೊಂದು ಸುಲಭವಾದ ಉಪಾಯವೆಂದರೆ ಮನೆಯವರೆಲ್ಲ ಸೇರಿ ಒಂದು ಗುಟ್ಟಿನ ಪದವನ್ನು ಗೊತ್ತುಮಾಡಿಕೊಳ್ಳುವದು. ಕಷ್ಟದ ಕರೆ ಬಂದಾಗ ಆ ಪದವನ್ನು ಕೇಳಬೇಕು. ಮನಸ್ಸನ್ನು ಓದುವ ಮಂಗಳದವರ ಮುಂದೆ ಇದು ನಡೆಯದು, ಆದರೆ ದೂರವಾಣಿಯ ಕಳ್ಳರಿಗೆ ಸಾಕು. ಹುಟ್ಟಿದ ದಿನಾಂಕ, ಊರಿನ ಹೆಸರು ಮುಂತಾದವು ಬೇಡ, ಅವು ನೂರು ಕಡೆ ಬರೆದಿರುತ್ತವೆ. ಎಂದೋ ಮಾರಿದ ಎತ್ತಿನ ಹೆಸರು, ಹೊಲದ ಮೂಲೆಯ ಹಾಳುಬಾವಿಗೆ ನಿಮ್ಮ ಮನೆಯವರಷ್ಟೇ ಕರೆಯುವ ಹೆಸರು, ಅಜ್ಜಿಯ ಬಾಯಲ್ಲಿ ಮಾತ್ರ ಉಳಿದಿರುವ ಯಾವದೋ ಒಂದು ಕನ್ನಡ ಶಬ್ದ ಇಂಥದ್ದು ಆಗಬಹುದು. ಮಕ್ಕಳು ಅಜ್ಜಿಯ ಹತ್ತಿರ ಕುಳಿತು ಆರಿಸಿಕೊಳ್ಳಲಿ. ಆರಿಸಿದ ಮೇಲೆ ಅದನ್ನು ಎಲ್ಲಿಯೂ ಬರೆದಿಡಬಾರದು. ನಿಬಂಧದ ವಹಿಯಲ್ಲಿ ಬರೆದು ನಮಗೆ ತೋರಿಸುವದೂ ಬೇಡ.